ದೊಡ್ಮನೆ ಗೋಡೆ ಬೀಳಿಸಿದ್ದು ಮಳೆಯಲ್ಲ

ಮಾನ್ಯರೇ,

ನಮ್ಮೂರ ಹಳೆಯ ತೊಟ್ಟಿಮನೆ ‘ದೊಡ್ಮನೆ’ಯ ಉತ್ತರದ ಗೋಡೆ ಬಿದ್ದ ಸುದ್ದಿ ನಿನ್ನೆಯ ಪತ್ರಿಕೆಯಲ್ಲಿದೆ. ‘ಸತತ ಮಳೆಯೇ ಕಾರಣ’ ಎಂದಿದ್ದಾರೆ ಅಧಿಕಾರಿಗಳು. ಆಗುಂಬೆ ಮಗ್ಗುಲಿನ ಈ ಸೀಮೆಗೆ ಮಳೆ ಹೊಸದೇ? 100ಕ್ಕೂ ಹೆಚ್ಚು ಮಳೆಗಾಲ ಕಂಡ ಗೋಡೆ, ದುರಸ್ತಿಯಾದ ಎರಡನೇ ಮಳೆಗಾಲಕ್ಕೇ ಏಕೆ ಬಿತ್ತು?

ದುರಸ್ತಿಯ ಹೆಸರಲ್ಲಿ 2 ಅಡಿ ದಪ್ಪದ ಮಣ್ಣಿನ ಗೋಡೆಗೆ ಒಳಗೂ ಹೊರಗೂ ಸಿಮೆಂಟ್ ಬಳಿದರು. ಮಣ್ಣು ನೆಲದಿಂದ ತೇವ ಎಳೆಯುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಆರಿಹೋಗುತ್ತದೆ, ಸಿಮೆಂಟ್ ಆರಲು ಬಿಡುವುದಿಲ್ಲ. ಬುಡ ಒಳಗೊಳಗೇ ಕೆಸರಾಗಿ ಗೋಡೆ ಉಬ್ಬುತ್ತದೆ. ತಟ್ಟಿದರೆ ಟೊಳ್ಳು ಸದ್ದು. ಆರು ತಿಂಗಳಿಂದ ಆ ಸದ್ದು ಕೇಳುತ್ತಲೇ ಇತ್ತು. ಬೇಕಿದ್ದುದು ಕನಿಷ್ಠ 15 ದಿನ ನೀರಲ್ಲಿ ನೆನೆದ ಸುಣ್ಣ 1 ಪಾಲು, ಮರಳು 3 ಪಾಲು, ಕಲಸಲು ಬೆಲ್ಲದ ನೀರು. ತೆಳುವಾಗಿ ಬಳಿದು, ಒಣಗಲು ಬಿಟ್ಟು, ಮತ್ತೆ ಬಳಿಯಬೇಕು. ಕೇಳಿದರೆ ‘ಸರ್ಕಾರಿ ದರಪಟ್ಟಿಯಲ್ಲಿ ಸುಣ್ಣ ಇಲ್ಲ’ ಎಂಬ ಸಬೂಬು ಬಂತು.

ನಾಲ್ಕೂ ಕಡೆಯ ಮಾಡಿನ ನೀರು ಬೀಳುವುದು ಮನೆ ನಡುವಿನ ತೆರೆದ ಅಂಗಳವಾದ ತೊಟ್ಟಿಗೆ. ಅದು ಹೊರಹೋಗುವ ಕಲ್ಲಿನ ಕಂಡಿಯನ್ನೇ ಟೈಲ್ಸ್ ಹಾಕಿ ಮುಚ್ಚಿದ್ದಾರೆ! ನೀರು ಜಗಲಿಯ ಬುಡಕ್ಕೆ ಇಳಿಯದೆ ಇನ್ನೆಲ್ಲಿಗೆ ಹೋಗಬೇಕು? ಗೇರೆಣ್ಣೆ ಕುಡಿದು ಕಪ್ಪಗಿದ್ದ ಹಲಸಿನ ಕಂಬಗಳಿಗೆ ಎನಾಮಲ್ ಪೇಂಟ್. ಕಂಬದ ತಲೆಯ ಬೋದಿಗೆಯಲ್ಲಿ ಕೆತ್ತಿದ ಕಮಲದಲ್ಲಿ ಬಣ್ಣ ಹೆಪ್ಪುಗಟ್ಟಿ ಒಂದು ಎಸಳೂ ಕಾಣುವುದಿಲ್ಲ. ಕಂಬದಡಿಯ ಕಲ್ಲಿನ ಪೀಠವನ್ನು ಸಿಮೆಂಟಿನಲ್ಲಿ ಹೂತು ಗೆದ್ದಲಿಗೂ ದಾರಿ ಮಾಡಿಕೊಟ್ಟಿದ್ದಾರೆ.

ಈಗ ರಸ್ತೆಗೆ ಅಡ್ಡ ಬೇಲಿ. ಹಾಲಿನ ಡೇರಿಗೆ 3 ಕಿ.ಮೀ. ಸುತ್ತು, ಶಾಲೆ ಮಕ್ಕಳು ಜಾರುವ ಗದ್ದೆ ಅಂಚಿನಲ್ಲಿ ನಡೆಯುತ್ತಿದ್ದಾರೆ. ಕಚೇರಿಗೆ ಹೋದರೆ ‘ಸಾಹೇಬ್ರು ಸೈಟಿಗೆ ಹೋಗಿದ್ದಾರೆ’ ಎಂದರು. ಸೈಟಿನಲ್ಲಿ ಯಾರೂ ಇರಲಿಲ್ಲ. ಹಳೇ ಕೆರೆಯ ಮೆಟ್ಟಿಲಿಗೂ ಈ ಅಧಿಕಾರಿಗಳೇ ಸಿಮೆಂಟ್ ಮೆತ್ತಿಸಿದ್ದು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅಷ್ಟು ದೂರ ಬೇಡ, ಇಲ್ಲೇ ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಯ ತೊಟ್ಟಿ, ಕಂಬಗಳನ್ನಾದರೂ ಎಂಜಿನಿಯರು ಒಮ್ಮೆ ನೋಡಿಬರಬಾರದೇ?

ಮೊದಲು ಕಂಡಿ ಬಿಡಿಸಲಿ. ಮಾಡಿಗೆ ಆಸರೆ ಕೊಟ್ಟು, ಉಳಿದ ಮೂರು ಗೋಡೆಗಳ ಸಿಮೆಂಟನ್ನು ಸ್ವಲ್ಪ ಸ್ವಲ್ಪವೇ ತೆಗೆಯಲಿ. ಒಂದೇ ಸಲ ಕಿತ್ತರೆ ಒದ್ದೆ ಗೋಡೆ ಕುಸಿದು ಕೂರುತ್ತದೆ. ಖರ್ಚು ಗುತ್ತಿಗೆದಾರನಿಂದ ವಸೂಲಾಗಲಿ. ಅದಾಗದಿದ್ದರೆ ಮನೆಯನ್ನು ಮುಟ್ಟಲೇಬೇಡಿ, ನಮ್ಮ ರಸ್ತೆಯನ್ನಾದರೂ ಬಿಡಿ.

– ನೊಂದ ಗ್ರಾಮಸ್ಥ, ತೀರ್ಥಹಳ್ಳಿ ತಾಲ್ಲೂಕು