ಗೊತ್ತಿದ್ದವನ ಕಡೆಗೆ ಕ್ಯಾಮೆರಾ ತಿರುಗಿಸು

ಹಾಸನ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ಚಿಕ್ಕಮಗಳೂರಿಂದ ನೀನು ಕಳಿಸಿದ ಚಿತ್ರಕಥೆ ಎರಡು ಸಲ ಓದಿದೆ. ಜಾತಿ ಮುಚ್ಚಿಟ್ಟು ಬದುಕುವ ಮೇಷ್ಟ್ರ ಕಥೆಯನ್ನ ಕಾದಂಬರಿಯಿಂದ ತೆರೆಗೆ ತರೋದು ಸಲೀಸಲ್ಲ, ಗೊತ್ತು. ಆದರೆ ಅವರ ಮನಸ್ಸಿನ ಮಾತನ್ನೆಲ್ಲ ಹಿನ್ನೆಲೆ ದನಿಯಲ್ಲಿ ಹೇಳಿಸಿದ್ದೀಯಲ್ಲ, ಅದು ಬೇಡ ಕಣೋ.

‘ಪಾಸಿಂಗ್’ ನೋಡು. ಅಮೆರಿಕದ ನೆಲ್ಲಾ ಲಾರ್ಸೆನ್ 1929ರಲ್ಲಿ ಬರೆದ ಕಾದಂಬರಿ. 2021ರಲ್ಲಿ ರೆಬೆಕಾ ಹಾಲ್ ಸಿನಿಮಾ ಮಾಡಿದರು. ಕ್ಲೇರ್ ಕಪ್ಪು ಜನಾಂಗದವಳು. ಬಿಳಿಯಳೆಂದು ನಂಬಿಸಿ, ಕಪ್ಪು ಜನರನ್ನು ಕಂಡರಾಗದವನ ಜೊತೆ ಸಂಸಾರ ಮಾಡುತ್ತಿದ್ದಾಳೆ. ಬಾಲ್ಯದ ಗೆಳತಿ ಐರೀನ್‌ಗೆ ಈ ಗುಟ್ಟು ಗೊತ್ತು. ಪುಸ್ತಕ ಪೂರ್ತಿ ಐರೀನ್ ಮನಸ್ಸಿನ ಒಳಗಿಂದಲೇ ಸಾಗುತ್ತೆ. ಹಾಲ್ ಅದನ್ನು ಕಪ್ಪು-ಬಿಳುಪಿನಲ್ಲಿ, ಹಳೇ ಟೀವಿಯಂಥ 4:3 ಚೌಕಟ್ಟಿನಲ್ಲಿ ತೆಗೆದಿದ್ದಾರೆ. ಬಣ್ಣವೇ ಇಲ್ಲದ ಮೇಲೆ ಯಾರು ಬಿಳಿ, ಯಾರು ಕಪ್ಪು ಅಂತ ಚರ್ಮ ನೋಡಿ ಹೇಳೋಕಾಗಲ್ಲ. ಬಿಳಿಯರ ಹೋಟೆಲಿನಲ್ಲಿ, ತಾನೂ ಕಪ್ಪು ಜನಾಂಗದವಳು ಅಂತ ಗೊತ್ತಾಗದಿರಲಿ ಎಂದು, ಐರೀನ್ ಟೋಪಿಯ ಅಂಚಿನಡಿ ಕಣ್ಣು ಮರೆಮಾಡಿ ಕೂತಿರ್ತಾಳೆ, ಅಷ್ಟರಲ್ಲೇ ಅವಳ ಭಯ ನಮಗೆ ತಾಗುತ್ತೆ. ಹಾಲ್ ಅವರ ತಾಯಿಯ ತಂದೆಯೇ ಡೆಟ್ರಾಯಿಟ್‌ನಲ್ಲಿ ಬಿಳಿಯರಾಗಿ ಬಾಳಿದವರು. ಹತ್ತು ವರ್ಷಕ್ಕೂ ಮೇಲೆ ಹಾಲ್ ಈ ಚಿತ್ರಕಥೆ ಬಿಡದೆ ಹಿಡಿದಿದ್ದು ಅದಕ್ಕೇ ಇರಬೇಕು.

ನಮ್ಮಲ್ಲಿ ಮುಖ ನೋಡಿದರೆ ಏನೂ ತಿಳಿಯಲ್ಲ. ಊರು ಕೇಳ್ತಾರೆ, ಮನೆದೇವರು ಕೇಳ್ತಾರೆ, ಮನೇಲಿ ಏನು ಅಡುಗೆ ಮಾಡ್ತೀರಿ ಅಂತಾರೆ.

ನಿನಗೂ ಹೇಳದೇ ಇದ್ದದ್ದೊಂದಿದೆ. ಕೆ.ಆರ್. ಪುರಂನಲ್ಲಿ ಬಾಡಿಗೆ ಮನೆ ಹುಡುಕುವಾಗ ಓನರ್ ಕಾಫಿ ಕೊಟ್ಟು, "ನೀವು ಯಾವ ಜನ?" ಅಂದರು. ನಾನು ಸುಳ್ಳು ಹೇಳಿದೆ. ವರಾಂಡದ ಗೋಡೆಗೆ ಬಣ್ಣ ಬಳೀತಿದ್ದವನು ತಿರುಗಿ ನೋಡಿದ. ನಮ್ಮ ಕೇರಿಯವನೇ. ನಮ್ಮವ್ವನ ಕೈಯಲ್ಲಿ ಮುದ್ದೆ ಉಂಡು ಬೆಳೆದವನು. ಕೈಲಿದ್ದ ಲೋಟ ಸುಡ್ತಿತ್ತು, ಕೆಳಗಿಡೋಕೂ ತೋಚಲಿಲ್ಲ. ಅವನು ಏನೂ ಅನ್ನಲಿಲ್ಲ. ಬಳಿದ ಜಾಗಕ್ಕೇ ಮತ್ತೆ ಬ್ರಷ್ ಎಳೆದ. ಆಮೇಲೆ ಇನ್ನೊಂದು ಸಲ. ಅವನಿಗೆ ಅಲ್ಲಿ ಕಾಫಿ ಕೊಟ್ಟಿದ್ದು ಪ್ಲಾಸ್ಟಿಕ್ ಕಪ್ಪಿನಲ್ಲಿ.

ಮನೆ ಸಿಕ್ಕಿತು. ಮೂರು ವರ್ಷ ಇದ್ದೆ. ಓನರ್ ಎದುರು ಬಂದಾಗ ಆಗದಿದ್ದ ಹೆದರಿಕೆ, ದಾರೀಲಿ ಅವನು ಸಿಕ್ಕಾಗ ಆಗ್ತಿತ್ತು.

ಅದಕ್ಕೇ ಕೇಳ್ತಿದ್ದೀನಿ, ಮೇಷ್ಟ್ರ ಮೇಲಿಟ್ಟ ಕ್ಯಾಮೆರಾನ ಸ್ವಲ್ಪ ಹೊತ್ತು ಅವರ ಗುಟ್ಟು ಗೊತ್ತಿರೋ, ಅವರದೇ ಊರಿನ ಆ ಶಾಲೆ ಜವಾನನ ಕಡೆ ತಿರುಗಿಸು. ಅವನಿಗೆ ಮಾತು ಕೊಡಬೇಡ. ಇಪ್ಪತ್ತೆರಡನೇ ದೃಶ್ಯದಲ್ಲಿ ಅವನು ಗಂಟೆ ಹೊಡೀತಾನಲ್ಲ, ಆ ಕೈ ಒಂದು ಕ್ಷಣ ತಡೆದರೆ ಸಾಕು.

ಮುಂದಿನ ಶನಿವಾರ ಬರ್ತೀನಿ. ಆ ಹಾಳೆ ತಿದ್ದಿಟ್ಟಿರು.

ನಿನ್ನ ಗೆಳೆಯ