ಧ್ವನಿವರ್ಧಕದ ಪೆಟ್ಟಿಗೆಗೆ ಅಳತೆಯೇ ಮುಖ್ಯ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಯಕ್ಷಗಾನ ಮೇಳಗಳ ತಿರುಗಾಟ ಆರಂಭವಾಗುವ ಹೊತ್ತಿನಲ್ಲಿ, ಊರಿಂದೂರಿಗೆ ಟೆಂಪೊದಲ್ಲಿ ಸಾಗುವ ಧ್ವನಿವರ್ಧಕ ಸಲಕರಣೆಗಳನ್ನು ಗೋಣಿಚೀಲದಲ್ಲಿ ಸುತ್ತಿ ಒಯ್ಯುವ ಬದಲು ರ್‍ಯಾಕ್ ಪೆಟ್ಟಿಗೆಯೊಂದನ್ನು (ಸಲಕರಣೆಗಳನ್ನು ಒಂದರ ಮೇಲೊಂದರಂತೆ ಸ್ಕ್ರೂ ಹಾಕಿ ಕೂರಿಸುವ ಪೆಟ್ಟಿಗೆ) ಮನೆಯಲ್ಲೇ ಮಾಡಿಕೊಳ್ಳಬಹುದೆಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಈ ಸಲಕರಣೆಗಳ ಮುಂಫಲಕದ ಅಗಲ 19 ಇಂಚು, ಅಂದರೆ 482.6 ಮಿ.ಮೀ. ಮೊದಲ ಸಲ ನಾನು ಪೆಟ್ಟಿಗೆಯ ಹೊರ ಅಳತೆಯನ್ನೇ 19 ಇಂಚು ಇಟ್ಟೆ, 12 ಮಿ.ಮೀ. ಪ್ಲೈವುಡ್ಡಿನ ಎರಡು ಬದಿಗಳು 24 ಮಿ.ಮೀ. ನುಂಗಿದ್ದರಿಂದ ಆಂಪ್ಲಿಫೈಯರು ಒಳಗೆ ಹೋಗಲೇ ಇಲ್ಲ. ಆ ಪೆಟ್ಟಿಗೆ ಈಗ ನಮ್ಮ ಮನೆಯಲ್ಲಿ ತೆಂಗಿನಕಾಯಿಗೆ ಆಸರೆಯಾಗಿದೆ. ಒಳ ಅಗಲ ಸುಮಾರು 485 ಮಿ.ಮೀ. ಇದ್ದರೆ ಚಿಂತೆಯಿಲ್ಲ.

ಈ ಸಲಕರಣೆಗಳ ಎತ್ತರವನ್ನು ಘಟಕಗಳಲ್ಲಿ ಎಣಿಸುತ್ತಾರೆ; ಒಂದು ಘಟಕ 44.45 ಮಿ.ಮೀ. ಇದನ್ನು 45 ಎಂದು ದುಂಡಾಗಿಸುವ ಆಸೆ ಬಡಗಿಗೆ ಸಹಜ. ಆದರೆ ಎಂಟು ಘಟಕ ದಾಟುವಷ್ಟರಲ್ಲಿ 4.4 ಮಿ.ಮೀ. ವ್ಯತ್ಯಾಸ ಬಂದು ಸ್ಕ್ರೂ ರಂಧ್ರಗಳು ಒಂದಕ್ಕೊಂದು ಕೂಡುವುದಿಲ್ಲವಾದ್ದರಿಂದ, ರಂಧ್ರ ಕೊರೆದ ಉಕ್ಕಿನ ಪಟ್ಟಿಯನ್ನು ಅಂಗಡಿಯಿಂದಲೇ ಕೊಳ್ಳುವುದು ಲೇಸು. ಭಾರವಾದ ಆಂಪ್ಲಿಫೈಯರನ್ನು ಕೆಳಗಿಟ್ಟು ಹಿಂಬದಿಗೂ ಆಧಾರ ಕೊಡದಿದ್ದರೆ, ಹೊಂಡದ ರಸ್ತೆಯಲ್ಲಿ ಇಡೀ ತೂಕ ಮುಂದಿನ ನಾಲ್ಕು ಸ್ಕ್ರೂಗಳ ಮೇಲೆ ಬಿದ್ದು ಮುಂಫಲಕವೇ ಬಾಗುತ್ತದೆ.

ಗಾಳಿಯ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಕೆಲವು ಆಂಪ್ಲಿಫೈಯರುಗಳ ಫ್ಯಾನು ಹಿಂದಕ್ಕೆ ಬಿಸಿಗಾಳಿ ಊದಿದರೆ, ಇನ್ನು ಕೆಲವು ಮುಂದಕ್ಕೆ ಊದುತ್ತವೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟರೆ ಒಂದರ ಬಿಸಿಯನ್ನು ಇನ್ನೊಂದು ಉಸಿರಾಡುತ್ತದೆ. ಪ್ರದರ್ಶನದ ವೇಳೆ ಹಿಂದು-ಮುಂದಿನ ಮುಚ್ಚಳಗಳೆರಡನ್ನೂ ತೆಗೆದಿಡಲೇಬೇಕು.

ಇತಿ,
ಹವ್ಯಾಸಿ ಧ್ವನಿ ನಿರ್ವಾಹಕ, ಉಡುಪಿ ಜಿಲ್ಲೆ