ಕಿಸೆಯಲ್ಲೇ ಉಳಿದ ಚೀಟಿ

ಮಾನ್ಯ ಸಂಪಾದಕರೇ,

ನಾನು 31 ವರ್ಷ ರೆಕಾರ್ಡ್ ರೂಮಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಯಾರೋ ತೆಗೆದು ಇನ್ನೆಲ್ಲೋ ಸಿಕ್ಕಿಸಿಹೋದ ಫೈಲನ್ನು ಪತ್ತೆ ಹಚ್ಚುವುದರಲ್ಲೇ ನನ್ನ ಅರ್ಧ ಸರ್ವೀಸು ಕಳೆಯಿತು.

ಒಂದು ಮಧ್ಯಾಹ್ನ ಏಣಿಯ ಮೇಲೆ ನಿಂತಿದ್ದಾಗ ಒಂದು ಉಪಾಯ ಹೊಳೆಯಿತು. ಒಂದು ಖಾನೆಯ ಬಾಕ್ಸ್ ಫೈಲುಗಳನ್ನೆಲ್ಲ ಕ್ರಮವಾಗಿ ಜೋಡಿಸಿ, ಅವುಗಳ ಬೆನ್ನಿನ ಮೇಲೆ ಎಡಗಡೆ ಮೇಲ್ತುದಿಯಿಂದ ಬಲಗಡೆ ಕೆಳತುದಿಯವರೆಗೆ ಓರೆಯಾಗಿ ಒಂದೇ ಗೆರೆ ಎಳೆದುಬಿಟ್ಟರೆ? ಒಂದೊಂದು ಫೈಲಿಗೂ ಗೆರೆಯ ಒಂದೊಂದು ತುಣುಕು, ಪಕ್ಕದ್ದಕ್ಕಿಂತ ತುಸು ಕೆಳಗೆ. ಯಾವುದಾದರೂ ಫೈಲು ಜಾಗ ತಪ್ಪಿದರೆ ಗೆರೆ ಅಲ್ಲಿ ಮುರಿಯುತ್ತದೆ. ನಂಬರು ಓದುವುದೇ ಬೇಡ, ಬಾಗಿಲಲ್ಲಿ ನಿಂತರೆ ಸಾಕು, ಕಣ್ಣಿಗೆ ಹೊಡೆಯುತ್ತದೆ.

ಇದನ್ನು ಚೀಟಿಯಲ್ಲಿ ಬರೆದು, ಪುಟ್ಟ ಚಿತ್ರವನ್ನೂ ಬಿಡಿಸಿಕೊಂಡು ತಿಂಗಳ ಮೀಟಿಂಗಿಗೆ ಹೋದೆ. ಅಂದು ಕಂಪ್ಯೂಟರು, ಬಾರ್‌ಕೋಡು ಎಂದು ದೊಡ್ಡ ದೊಡ್ಡ ಮಾತು ನಡೆದಿತ್ತು. ಕೊನೆಗೆ ಸಾಹೇಬರು ‘ಇನ್ನು ಯಾರಿಗಾದರೂ ಏನಾದರೂ ಹೇಳುವುದಿದೆಯಾ?’ ಎಂದರು. ಅಂಥ ಮಾತಿನ ಮೇಲೆ ಎದ್ದು ನಿಂತು ‘ಗೆರೆ ಎಳೆಯೋಣ ಸಾರ್’ ಎನ್ನಲೇ? ಕಿಸೆಯೊಳಗೇ ಚೀಟಿ ಮಡಚಿದೆ. ಮತ್ತೆ ಮಡಚಿದೆ. ಎಲ್ಲರೂ ಕುರ್ಚಿ ಸರಿಸಿ ಏಳುವ ಹೊತ್ತಿಗೆ ಅದು ಹೆಬ್ಬೆರಳ ಉಗುರಿನಷ್ಟಾಗಿತ್ತು.

ಹೆದರಿದೆ ಎಂದು ಆಗ ಅನ್ನಿಸಲೇ ಇಲ್ಲ, ಅದೇ ವಿಚಿತ್ರ. ‘ಫೈಲು ದಪ್ಪವಾದರೆ? ನಡುವೆ ಹೊಸ ಫೈಲು ಸೇರಿಸಬೇಕಾದರೆ? ಇನ್ನೊಂದಿಷ್ಟು ಯೋಚಿಸೋಣ’ ಎಂದು ನಾನೇ ಆಕ್ಷೇಪಣೆ ಎತ್ತಿದೆ, ನಾನೇ ಒಪ್ಪಿಕೊಂಡೆ. ನನ್ನ ಅಳುಕು ವಿವೇಕದ ವೇಷ ಹಾಕಿಕೊಂಡು ಬಂದಿತ್ತು.

ಎಂಟು ವರ್ಷ ಕಳೆಯಿತು. ಕೆಲಸಕ್ಕೆ ಸೇರಿ ಎರಡು ವಾರವೂ ಆಗದ ಹುಡುಗಿಯೊಬ್ಬಳು ಮೀಟಿಂಗಿನಲ್ಲಿ ಅದೇ ಓರೆಗೆರೆಯ ಮಾತೆತ್ತಿದಳು. ‘ಇದೇನಮ್ಮಾ, ಡ್ರಾಯಿಂಗ್ ಕ್ಲಾಸಾ?’ ಎಂದು ಒಬ್ಬರು ನಕ್ಕರು. ಅವಳೂ ನಕ್ಕಳು. ‘ಒಂದು ಕಪಾಟಿಗೆ ಮಾಡಿ ನೋಡೋಣ ಸಾರ್, ಚೆನ್ನಾಗಿಲ್ಲ ಅಂದರೆ ಲೇಬಲ್ ಅಂಟಿಸಿ ಮುಚ್ಚಿಬಿಡೋಣ’ ಎಂದಳು. ಎಂಟು ವರ್ಷ ನನ್ನ ಬಾಯಿ ಕಟ್ಟಿದ್ದ ಆ ನಗು ಎರಡು ಸೆಕೆಂಡಿನದು. ನಾನು ತಡೆಯಲಾರದೆ ‘ಇದು ನನಗೂ ಹೊಳೆದಿತ್ತು’ ಎಂದೆ. ಆಗ ನೋಡಿ, ಇಡೀ ಕೋಣೆ ನಿಜವಾಗಿ ನಕ್ಕಿತು, ನನ್ನನ್ನು ನೋಡಿ.

ನಾಲ್ಕು ಜನ ನಕ್ಕಾರೆಂದು ಬಾಯಿ ಮುಚ್ಚಿಕೊಳ್ಳುವ ಈ ವಿಷಯದ ಬಗ್ಗೆ ನಿವೃತ್ತಿಯ ಬಿಡುವಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಲಟಾನೆ ಮತ್ತು ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಕೋಣೆಯಲ್ಲಿ ಕೂರಿಸಿ, ಭರ್ತಿ ಮಾಡಲು ಫಾರಂ ಕೊಟ್ಟು, ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಂಟಿಯಾಗಿದ್ದವರಲ್ಲಿ ನೂರಕ್ಕೆ 75 ಮಂದಿ ಎದ್ದು ಹೋಗಿ ಹೇಳಿದರು. ಏನೂ ಆಗದವರಂತೆ ನಟಿಸುವ ಇಬ್ಬರನ್ನು ಜೊತೆಗೆ ಕೂರಿಸಿದಾಗ ಹತ್ತರಲ್ಲಿ ಒಬ್ಬ ಮಾತ್ರ ಎದ್ದ. ಉಳಿದವರು ಕೆಮ್ಮಿದರು, ಕಣ್ಣು ಉಜ್ಜಿಕೊಂಡರು, ಫಾರಂ ತುಂಬಿದರು. ಆಮೇಲೆ ಕೇಳಿದರೆ, ಅದು ಬೆಂಕಿಯ ಹೊಗೆ ಅನ್ನಿಸಲಿಲ್ಲ, ಹಬೆ ಇರಬೇಕು ಎಂಬಂಥ ಉತ್ತರಗಳು. ಹೆದರಿ ಸುಮ್ಮನಾದೆ ಎಂದವರಿಲ್ಲ. ಅದನ್ನು ಓದುವಾಗ ಆ ಚೀಟಿ ನೆನಪಾಯಿತು.

ಇನ್ನೊಂದು ಸಂಗತಿ ನಿಮ್ಮ ವೃತ್ತಿಗೇ ಸಂಬಂಧಪಟ್ಟದ್ದು, ಬೇಸರಿಸಬೇಡಿ. ರಾಕೆಟ್ಟು ನಿರ್ವಾತದಲ್ಲೂ ಹಾರಬಲ್ಲದು, ಚಂದ್ರನನ್ನೂ ಮುಟ್ಟಬಲ್ಲದು ಎಂದಿದ್ದ ಅಮೆರಿಕದ ವಿಜ್ಞಾನಿ ರಾಬರ್ಟ್ ಗಾಡರ್ಡ್‌ರನ್ನು ನ್ಯೂಯಾರ್ಕ್ ಟೈಮ್ಸ್ 1920ರ ಜನವರಿಯಲ್ಲಿ ಸಂಪಾದಕೀಯದಲ್ಲೇ ಗೇಲಿ ಮಾಡಿತು. ಹೈಸ್ಕೂಲಿನಲ್ಲಿ ಕಲಿಸುವಷ್ಟೂ ಇವರಿಗೆ ತಿಳಿದಂತಿಲ್ಲ ಎಂಬ ಧಾಟಿ. ಗಾಡರ್ಡ್ ಕೆಲಸ ನಿಲ್ಲಿಸಲಿಲ್ಲ. 1926ರ ಮಾರ್ಚ್ 16ರಂದು ಅವರ ದ್ರವ ಇಂಧನದ ರಾಕೆಟ್ಟು ಎರಡೂವರೆ ಸೆಕೆಂಡು ಹಾರಿ 41 ಅಡಿ ಏರಿತು. ಆದರೆ ಆ ಗೇಲಿಯ ನಂತರ ತಮ್ಮ ಕೆಲಸವನ್ನು ಇತರರ ಮುಂದೆ ಬಿಚ್ಚಿಡಲು ಹಿಂಜರಿದರು. 1945ರಲ್ಲಿ ತೀರಿಕೊಂಡರು. ಪತ್ರಿಕೆ ತಿದ್ದುಪಡಿ ಹಾಕಿದ್ದು 1969ರ ಜುಲೈ 17ರಂದು, ಅಪೋಲೊ 11 ಚಂದ್ರನತ್ತ ಹೊರಟ ಮರುದಿನ. ನಕ್ಕವರಿಗೆ ಅವಸರವೇನೂ ಇರಲಿಲ್ಲ!

ಹಾಗೆಂದು ‘ಧೈರ್ಯವಾಗಿ ಮಾತಾಡಿ’ ಎಂಬ ಉಪದೇಶ ನನಗೆ ಹಿಡಿಸದು. ಧೈರ್ಯ ಇಲ್ಲದವರ ತಲೆಯಲ್ಲೂ ಒಳ್ಳೆಯ ಉಪಾಯ ಇರುತ್ತದೆ, ನನ್ನನ್ನೇ ನೋಡಿ. ಅಂಥವರಿಗಾಗಿ ಮೀಟಿಂಗಿನ ಕ್ರಮವನ್ನೇ ಬದಲಾಯಿಸಬಹುದು. ಮಾತು ಶುರುವಾಗುವ ಮೊದಲೇ ಎಲ್ಲರಿಂದಲೂ ಹೆಸರಿಲ್ಲದ ಚೀಟಿ ತೆಗೆದುಕೊಳ್ಳಿ. ಒಬ್ಬರೇ ಎಲ್ಲವನ್ನೂ ಗಟ್ಟಿಯಾಗಿ ಓದಲಿ. ಸಾಹೇಬರು ಕೊನೆಗೆ ಬಾಯಿ ತೆರೆಯಲಿ. ಖರ್ಚು ಒಂದು ಡಬ್ಬ. ಹೊರಬರುವ ಚೀಟಿಗಳಲ್ಲಿ ಮುಕ್ಕಾಲು ಪಾಲು ಪೊಳ್ಳೇ ಇರಬಹುದು, ಇರಲಿ.

ಈ ಪತ್ರ ನಿಮ್ಮ ಮೇಜಿನ ಮೇಲೆ ನಗೆಪಾಟಲಾದರೂ ಚಿಂತೆಯಿಲ್ಲ. ನಿಮ್ಮ ಹಳೆಯ ಸಂಚಿಕೆಗಳ ಸಂಪುಟಗಳು ಯಾವುದೋ ಕಪಾಟಿನಲ್ಲಿ ಇದ್ದೇ ಇರುತ್ತವೆ. ಒಂದು ಖಾನೆಗೆ ಓರೆಗೆರೆ ಎಳೆದು ನೋಡಿ. ಕೆಂಪು ಪೆನ್ಸಿಲ್ ಬೇಡ, ಕೈ ತಾಗಿ ತಾಗಿ ಮಾಸುತ್ತದೆ. ಮಾರ್ಕರ್ ಒಳ್ಳೆಯದು.

ಇಂತಿ,
ನಿವೃತ್ತ ಗುಮಾಸ್ತ